ಧಾರಾವಾಹಿಯಲ್ಲಿ ಇಲ್ಲದ ನಾಯಿ

ಹೋದ ವರ್ಷ ಗೆಳತಿಯ ಮಗಳ ಮದುವೆಗೆಂದು ಮಂಗಳೂರಿಗೆ ಹೋಗಿದ್ದೆ. ನಂತೂರಿನಲ್ಲಿ ಸಿಟಿ ಬಸ್ಸು ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡು ಅಲುಗಾಡದೆ ನಿಂತಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು. ಆ ಚೀಲದಿಂದ ವಾಸನೆ ಬಂತು: ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಬೀಡಿ ಎಲೆ, ಅದರ ಜೊತೆ ಹೊಗೆಸೊಪ್ಪಿನ ಪುಡಿ. ನನಗೆ ಕಣ್ಣು ತುಂಬಿಬಿಟ್ಟಿತು. ಅರವತ್ತು ದಾಟಿದ ಹೆಂಗಸು ಸಿಟಿ ಬಸ್ಸಿನಲ್ಲಿ ಕೂತು ಅತ್ತರೆ ನೋಡಿದವರು ಏನೆಂದಾರು? ಆ ಹೆಂಗಸು ಏನಾಯಿತೆಂದು ಕೇಳಿಯೂ ಕೇಳಿದರು. ಕಣ್ಣಿಗೆ ಧೂಳು ಬಿತ್ತು ಅಂತ ಸುಳ್ಳು ಹೇಳಿದೆ. ಸುಳ್ಳು ನನಗೆ ಮೊದಲಿನಿಂದಲೂ ಸಲೀಸು. ಈಗ ಹೇಳಹೊರಟಿರುವುದು ಅಂಥದೇ ಒಂದರ ಕಥೆ.

ಎಪ್ಪತ್ತೊಂಬತ್ತರ ಜೂನಿನಲ್ಲಿ ಅಣ್ಣನ ಜೊತೆ ಮಂಗಳೂರಿಗೆ ಬಂದಾಗ ನನಗೆ ಇಪ್ಪತ್ತು ವರ್ಷ. ಅದಕ್ಕೆ ಮೊದಲು ನಾನು ರಾಣೆಬೆನ್ನೂರು ಬಿಟ್ಟು ಹೋದವಳಲ್ಲ. ಅದರ ಹಿಂದಿನ ಚಳಿಗಾಲದಲ್ಲಿ ಅವ್ವ ತೀರಿಕೊಂಡಿದ್ದಳು. ಅಪ್ಪ ಮೊದಲೇ ಇರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆಗಳನ್ನು ಚಿಕ್ಕಪ್ಪನ ಅಟ್ಟಕ್ಕೆ ಸೇರಿಸಿ, ಸಾಕಿದ ನಾಯಿ ಮೋತ್ಯಾನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೆವು. ಅಣ್ಣ ನಂತೂರಿನ ಒಂದು ಲಾರಿ ಆಫೀಸಿನಲ್ಲಿ ಬುಕಿಂಗ್ ಕ್ಲಾರ್ಕ್. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಅವನಿಗೆ ಬೇಯಿಸಿ ಹಾಕುವುದು ನನ್ನ ಕೆಲಸ, ನನಗೆ ಗಂಡು ಹುಡುಕುವುದು ಅವನ ಕೆಲಸ ಎಂದು ಚಿಕ್ಕಪ್ಪ ತೀರ್ಮಾನ ಮಾಡಿ ಕಳಿಸಿದ್ದರು. ನಾನಂತೂ ನನ್ನ ಕೆಲಸ ಮಾಡಿದೆ.

ವಾಮಂಜೂರಿನಲ್ಲಿ, ಗದ್ದೆಯ ಅಂಚಿಗೆ, ಗಿರಿಜಕ್ಕ ಎಂಬವರ ಹೆಂಚಿನ ಮನೆಯ ಒಂದು ಬದಿ ನಮಗೆ ಬಾಡಿಗೆಗೆ ಸಿಕ್ಕಿತು. ಒಂದು ಕೋಣೆ, ಒಂದು ಅಡುಗೆಮನೆ. ನಮ್ಮ ಅಡುಗೆಮನೆಯ ಗೋಡೆಯ ಆಚೆಗೆ ಅವರ ಜಗಲಿ. ಆ ಗೋಡೆ ಮಾಡಿನವರೆಗೆ ಮುಟ್ಟಿರಲಿಲ್ಲ, ಮೇಲೆ ಎರಡು ಮೊಳ ಖಾಲಿ ಇತ್ತು. ಅವರ ಕೆಮ್ಮು, ನಗು, ಜಗಳ, ಮೀನಿನ ಸಾರಿನ ಘಾಟು ಎಲ್ಲವೂ ಆ ಸಂದಿನಿಂದ ನನ್ನ ಒಲೆಯ ಮೇಲೆ ಇಳಿಯುತ್ತಿತ್ತು. ಇಳಿದರೇನು ಬಂತು, ಮಾತೆಲ್ಲ ತುಳು. ನನಗೆ ಒಂದಕ್ಷರ ತಿಳಿಯದು.

ಅಣ್ಣ ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದ. ಹನ್ನೊಂದು ಗಂಟೆಗೆ ನನ್ನ ಕೆಲಸ ಮುಗಿದುಹೋಗುತ್ತಿತ್ತು. ಆಮೇಲೆ ನಾನು ಮತ್ತು ಮಳೆ. ನಮ್ಮೂರಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಂತು ಆಕಾಶ ನೋಡುತ್ತಾರೆ. ಇಲ್ಲಿ ಮಳೆ ಶುರುವಾದರೆ ಎಲ್ಲರೂ ಒಳಗೆ, ಬಾಗಿಲು ಹಾಕಿಕೊಂಡು ತಮ್ಮ ತಮ್ಮ ಕೆಲಸ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ಉಪ್ಪು ನೀರಾಗುತ್ತಿತ್ತು. ಅಂಗಡಿಗೆ ಹೋಗಿ "ಏನ್ರೀ, ಬೆಲ್ಲ ಐತೇನ್ರೀ" ಅಂದರೆ ಅಂಗಡಿಯವರು ನನ್ನನ್ನೇ ಒಂದು ಸಾಮಾನಿನಂತೆ ನೋಡುತ್ತಿದ್ದರು. ಒಂದೊಂದು ದಿನ ಅಣ್ಣ ಬಂದ ಮೇಲೆ ಬಾಯಿ ಬಿಟ್ಟರೆ ನನ್ನ ದನಿ ಒಡೆದಿರುತ್ತಿತ್ತು, ಅಷ್ಟು ಹೊತ್ತು ಮಾತಾಡದೆ ಇದ್ದುದಕ್ಕೆ. ಅವ್ವನಿಗಾಗಿ ಅಳುವುದಕ್ಕೂ ಎದುರಿಗೆ ಒಬ್ಬರು ಬೇಕು. ಆ ತಿಂಗಳು ನಾನು ಅಳಲೇ ಇಲ್ಲ.

ಜುಲೈನ ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ಕನ್ನಡ ಕೇಳಿಸಿತು. ಯಾರೋ ಹುಡುಗಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. "ಪ್ರಶಾಂತನು ಅವಳ ಮೃ... ಮೃದ... ಮೃದು..." ಅಲ್ಲೇ ನಿಂತಳು. ಮತ್ತೆ ಹಿಂದಿನಿಂದ ಶುರು. ಮತ್ತೆ ಅಲ್ಲೇ ನಿಂತಳು. ಮೂರನೆಯ ಸಲ ನನಗೆ ತಡೆಯಲಾಗಲಿಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಅಲ್ಲಿಂದಲೇ ಕೂಗಿದೆ: "ಮೃದುವಾದ ಕರವನ್ನು!"

ಆಚೆ ಕಡೆ ಒಂದು ದೊಡ್ಡ ನಗು. ಅದರ ಹಿಂದೆ ಗಿರಿಜಕ್ಕನ ದನಿ, ಕನ್ನಡದಲ್ಲಿ: "ಗೋಡೆಯ ಆಚೆಯಿಂದ ಎಂತಕ್ಕೆ ಓದುವುದು ಮಗಾ? ಒಗ್ಗರಣೆ ಇಳಿಸಿ ಇಲ್ಲಿಗೇ ಬಾ."

ಹೋದೆ. ಜಗಲಿಯ ಮೇಲೆ ಮೂವರು ಹೆಂಗಸರು ಬೀಡಿ ಕಟ್ಟುವ ಮೊರ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಡುವೆ ಗಿರಿಜಕ್ಕ, ಐವತ್ತರ ಆಸುಪಾಸು, ಬಾಯ್ತುಂಬ ಎಲೆಅಡಿಕೆ. ಅವರ ಎಡಕ್ಕೆ ಸೊಸೆ ಸುಮತಿ. ಬಲಕ್ಕೆ, ವಾರಪತ್ರಿಕೆ ಹಿಡಿದು ಮುಖ ಕೆಂಪು ಮಾಡಿಕೊಂಡಿದ್ದವಳು ಪಕ್ಕದ ಮನೆಯ ವಾರಿಜ. ಅಲ್ಲಿನ ಪದ್ಧತಿ ಹೀಗಿತ್ತು: ಒಬ್ಬರು ಧಾರಾವಾಹಿ ಓದಬೇಕು, ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡಬೇಕು. ಪತ್ರಿಕೆ ಬರುವುದು ಗುರುವಾರ. ವಾರಿಜ ಕಟ್ಟಿದ ಬೀಡಿ ಒಪ್ಪಿಸಲು ಕಂಪೆನಿಯ ಬ್ರಾಂಚಿಗೆ ಹೋಗಿ ಬರುವಾಗ ತರುತ್ತಿದ್ದಳು. ಆದರೆ ದಾರಿಯಲ್ಲಿ ಬಿಡಿಸಿ ನೋಡುವ ಹಾಗಿಲ್ಲ, ಎಲ್ಲರೂ ಕೂತ ಮೇಲೆಯೇ ಬಿಡಿಸಬೇಕು ಎಂದು ಗಿರಿಜಕ್ಕನ ಕಟ್ಟಪ್ಪಣೆ. ಕಥೆ ಮೊದಲೇ ತಿಳಿದವರು ಮುಖದಲ್ಲಿ ತೋರಿಸಿಬಿಡುತ್ತಾರಂತೆ.

ನಾನು ಓದಿದೆ. ನಿಲ್ಲದೆ, ದನಿ ಏರಿಸಿ ಇಳಿಸಿ, ಶಾಲೆಯಲ್ಲಿ ಬಹುಮಾನ ತೆಗೆದುಕೊಂಡವಳ ಹಾಗೆ. ಮುಗಿದ ಮೇಲೆ ಗಿರಿಜಕ್ಕ, "ಇನ್ನು ನೀನೇ ಓದು. ನಿನಗೆ ಬೀಡಿ ಇಲ್ಲ, ಚಾ ಉಂಟು" ಅಂದರು. ಅಲ್ಲಿಂದ ಗುರುವಾರ ಒಂದೇ ಅಲ್ಲ, ದಿನಾ ಮಧ್ಯಾಹ್ನ ನಾನು ಅಲ್ಲೇ. ಗುರುವಾರದ ಕಂತು ಮುಗಿದರೆ ಅದನ್ನೇ ಮತ್ತೊಮ್ಮೆ, ಅದೂ ಹಳಸಿದರೆ ಓದುಗರ ಪತ್ರ, ಅಡುಗೆ ಅಂಕಣ, ಜಾಹೀರಾತು. ಅಣ್ಣನಿಗೆ ಇಷ್ಟವಾಗಲಿಲ್ಲ. "ಬೀಡಿ ಕಟ್ಟೋರ ನಡುವೆ ನಿಂಗೇನು ಕೆಲಸ?" ಅಂದ. ಆ ಜಗಲಿ ತಪ್ಪಿದರೆ ಆ ಊರಲ್ಲಿ ನನ್ನ ಹೆಸರು ಹಿಡಿದು ಕರೆಯುವ ಇನ್ನೊಂದು ಬಾಯಿ ಇರಲಿಲ್ಲ. ಅದು ಅವನಿಗೆ ಹೇಗೆ ಹೇಳುವುದು?

ಆ ಧಾರಾವಾಹಿಯೋ, ದೇವರಿಗೇ ಪ್ರೀತಿ. ಡಾಕ್ಟರ್ ಪ್ರಶಾಂತ, ಕಾಲೇಜು ಹುಡುಗಿ ಅಂಜಲಿ, ಬೆಂಗಳೂರು, ಕಾರು, ಗುಲಾಬಿ ತೋಟ. ಇಬ್ಬರೂ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತರೆ ಎರಡು ಪುಟ ಬರೀ ಮಾತು. ಗಿರಿಜಕ್ಕ ಎಲೆಅಡಿಕೆ ಜಗಿಯುತ್ತ, "ಈ ಡಾಕ್ಟರನಿಗೆ ಆಸ್ಪತ್ರೆ ಇಲ್ವಾ? ರೋಗಿಗಳು ಸಾಯ್ತಾರೆ ಅಲ್ಲಿ" ಅನ್ನುತ್ತಿದ್ದರು. ವಾರಿಜ ನಗುತ್ತಿದ್ದಳು. ಸುಮತಿಯಕ್ಕ ತಲೆ ತಗ್ಗಿಸಿ ಎಲೆ ಕತ್ತರಿಸುತ್ತಿದ್ದಳು. ಪ್ರೇಮದ ಮಾತು ಬಂದಾಗ ಅವಳ ಕತ್ತರಿ ಸ್ವಲ್ಪ ಜೋರಾಗಿ ಆಡುತ್ತಿತ್ತು.

ಆಗಸ್ಟಿನ ಒಂದು ಗುರುವಾರ ನಾನು ಹೊಂಡಕ್ಕೆ ಬಿದ್ದೆ. ಓದುತ್ತ ಓದುತ್ತ ಪುಟ ತಿರುಗಿಸಿದರೆ, ಪ್ರಶಾಂತ ಅಂಜಲಿಯನ್ನು ಎಳೆದು ಅಪ್ಪಿಕೊಳ್ಳುವ ಜಾಗ. ಅಪ್ಪಿಕೊಂಡು ಸುಮ್ಮನಿದ್ದರೆ ಆಗುತ್ತಿತ್ತು, ಅವಳ ತುಟಿ, ಅವನ ಉಸಿರು ಅಂತೆಲ್ಲ ಇಡೀ ಅರ್ಧ ಪುಟ. ಮದುವೆಯಾಗದ ಹುಡುಗಿ, ಎದುರಿಗೆ ಅವ್ವನ ವಯಸ್ಸಿನ ಹೆಂಗಸು. ಕಿವಿ ಬಿಸಿಯಾಯಿತು. ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಅಂತ ಕೇಳುತ್ತಾರೆ. ಆ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಓದಿದೆ: "ಪ್ರಶಾಂತನು ಕೈ ಚಾಚಿದನು. ಅಷ್ಟರಲ್ಲಿ ಎಲ್ಲಿಂದಲೋ ಒಂದು ನಾಯಿ ಓಡಿ ಬಂದು ಅವರಿಬ್ಬರ ನಡುವೆ ನಿಂತಿತು. ಮಳೆಗೆ ನೆನೆದು ನಡುಗುತ್ತಿತ್ತು. ಅಂಜಲಿ ತನ್ನ ಸೆರಗಿನಿಂದ ಅದರ ತಲೆ ಒರೆಸಿದಳು. ಪ್ರಶಾಂತ ಅದರ ಬೆನ್ನು ಸವರಿದ."

ಮೂರು ಮೊರಗಳೂ ನಿಂತವು.

"ನಾಯಿಯಾ?" ಅಂದರು ಗಿರಿಜಕ್ಕ. "ಎಂತ ನಾಯಿ? ಸಾಕಿದ್ದಾ, ಬೀದಿಯದ್ದಾ?"

"ಇನ್ನೂ ಬರೆದಿಲ್ಲ," ಅಂದೆ.

"ಪಾಪ. ಕೊಂಡುಹೋಗ್ತಾರಾ ಅದನ್ನು?"

"ಮುಂದಿನ ವಾರ ಗೊತ್ತಾಗುತ್ತೆ."

ಮುಂದಿನ ವಾರದವರೆಗೆ ಯಾರೂ ಪ್ರಶಾಂತನನ್ನಾಗಲಿ ಅಂಜಲಿಯನ್ನಾಗಲಿ ಕೇಳಲಿಲ್ಲ. ಕೇಳಿದ್ದು ನಾಯಿಯನ್ನು. ಅಂಗಳದಲ್ಲಿ ಸಿಕ್ಕರೆ ವಾರಿಜ, ನೀರು ಸೇದುವಾಗ ಸಿಕ್ಕರೆ ಗಿರಿಜಕ್ಕ. ಗುರುವಾರ ಬಂತು. ನಾಯಿ ಅಂಜಲಿಯ ಮನೆ ಸೇರಿತು. ಹೆಸರೇನು ಅಂತ ಕೇಳಿದರು. ಹೆಸರು ಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಮೋತಿ ಅಂದೆ. ನಮ್ಮ ಮೋತ್ಯಾನ ಹೆಸರೇ ಬಾಯಿಗೆ ಬಂದಿತ್ತು. ಆವತ್ತು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಅವ್ವ ಹೋದ ಮೇಲೆ ಮೊದಲ ಸಲ ಮನಸ್ಸು ಬಿಚ್ಚಿ ಅತ್ತೆ. ಅವ್ವನಿಗಾಗಿ ಅತ್ತೆನೋ ಮೋತ್ಯಾನಿಗಾಗಿ ಅತ್ತೆನೋ ಗೊತ್ತಿಲ್ಲ.

ಆಮೇಲೆ ಅದೊಂದು ಅಭ್ಯಾಸವೇ ಆಯಿತು. ಓದಿ ಮುಗಿದ ಪತ್ರಿಕೆಯನ್ನು ನಾನೇ ಮನೆಗೆ ಒಯ್ಯುತ್ತಿದ್ದೆ, ಅಕ್ಷರ ಕೂಡಿಸಿ ಓದುವವರು ಯಾರೂ ಅದನ್ನು ಬೇಡುತ್ತಿರಲಿಲ್ಲ. ಕಥೆಯಲ್ಲಿ ಎಲ್ಲಿ ಅಪ್ಪುಗೆ ಬರುತ್ತದೋ ಅಲ್ಲಿ ಮೋತಿ ಬರುತ್ತಿತ್ತು. ಪ್ರಶಾಂತ ಅಂಜಲಿಗೆ ಹೇಳಬೇಕಾದದ್ದನ್ನು ಮೋತಿಯ ಕಿವಿಯಲ್ಲಿ ಹೇಳುತ್ತಿದ್ದ. ಅಂಜಲಿ ಕೋಪ ಬಂದರೆ ಮೋತಿಯ ಜೊತೆ ಮಾತು ಬಿಡುತ್ತಿದ್ದಳು. ಇಬ್ಬರ ನಡುವೆ ಜಗಳವಾದಾಗ ಮೋತಿ ಅನ್ನ ಮುಟ್ಟಲಿಲ್ಲ, ಆವತ್ತು ಗಿರಿಜಕ್ಕನ ಮನೆಯಲ್ಲಿ ಚಾ ಆರಿ ತಣ್ಣಗಾಯಿತು. ಪ್ರೇಮದ ಮಾತಿಗೆ ಆಸ್ಪತ್ರೆ ಇಲ್ವಾ ಅಂತ ಹಂಗಿಸುತ್ತಿದ್ದ ಅದೇ ಗಿರಿಜಕ್ಕ, "ಒಂದು ಬಾಯಿಲ್ಲದ ಜೀವ ಮಾರಾಯ್ತಿ, ಅದಕ್ಕಿರುವ ಬುದ್ಧಿ ಈ ಇಬ್ಬರಿಗಿಲ್ಲ" ಅಂತ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ನಲವತ್ತು ವರ್ಷದಿಂದ ಇದನ್ನು ಯೋಚಿಸಿದ್ದೇನೆ. ಲೈಬ್ರರಿಗೆ ಹೋದಾಗಲೆಲ್ಲ ನಾನು ಹುಡುಕುವುದು ಅಂಥ ಕಾದಂಬರಿಯನ್ನೇ, ಪ್ರೀತಿಯೂ ಇರಬೇಕು, ಒಂದು ನಾಯಿಯೋ ಬೆಕ್ಕೋ ಕರುವೋ ಕೂಡ ಇರಬೇಕು. ಗಂಡು ಹೆಣ್ಣು ಎಷ್ಟೇ ಚಂದ ಮಾತಾಡಿದರೂ ನಮಗೆ ಒಳಗೊಂದು ಅನುಮಾನ. ಪ್ರೀತಿ ಅಂತ ಹೇಳಿದವರು ಆಮೇಲೆ ಏನು ಮಾಡುತ್ತಾರೆ ಅನ್ನುವುದನ್ನು ಎಲ್ಲರೂ ಮನೆಯಲ್ಲಿ ನೋಡಿಯೇ ಇರುತ್ತಾರೆ. ನಾಯಿಗೆ ಹೇಳಲು ಬಾರದು. ಅದು ಬಾಗಿಲ ಹತ್ತಿರ ಮಲಗಿದರೆ ಮಲಗಿತು ಅಂತ ನಂಬಬಹುದು. ಮತ್ತೆ ನಮ್ಮಂಥವರು, ಗಂಡನ ಹೆಸರು ಹೇಳಲೂ ನಾಚುವವರು, ನಾಲ್ಕು ಜನರ ಎದುರು ನಾಯಿಯ ಮೇಲೆ ಪ್ರೀತಿ ಅಂತ ಧೈರ್ಯವಾಗಿ ಹೇಳಬಹುದು. ಯಾರೂ ನಗುವುದಿಲ್ಲ.

ಸುಮತಿಯಕ್ಕನ ವಿಷಯ ಈಗ ಹೇಳಬೇಕು. ಅವಳ ಗಂಡ ಆನಂದ, ಗಿರಿಜಕ್ಕನ ಒಬ್ಬನೇ ಮಗ, ಮಸ್ಕತ್ತಿನಲ್ಲಿದ್ದ. ಮದುವೆಯಾಗಿ ಒಂದೂವರೆ ತಿಂಗಳಿಗೆ ಹೋದವನು ಮೂರು ವರ್ಷದಲ್ಲಿ ಒಮ್ಮೆ ಬಂದಿದ್ದನಂತೆ. ಅವನ ಕಾಗದ ಬರುತ್ತಿದ್ದುದು ಅಮ್ಮನ ಹೆಸರಿಗೆ. ಅಮ್ಮನಿಗೆ ನಮಸ್ಕಾರದಿಂದ ಶುರುವಾಗಿ, ಬಾವಿ, ಗದ್ದೆ, ಹೆಂಚು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ "ಸುಮತಿಗೆ ಹೇಳಿ" ಅಂತ ಎರಡು ಶಬ್ದ. ಏನು ಹೇಳಬೇಕು ಅಂತ ಇರುತ್ತಿರಲಿಲ್ಲ. ಉತ್ತರವನ್ನು ಗಿರಿಜಕ್ಕ ಹೇಳಿ ಬರೆಸುತ್ತಿದ್ದರು. ಐದನೇ ಕ್ಲಾಸು ಓದಿದ ಸುಮತಿಯಕ್ಕ ನೀಲಿ ಏರ್ ಲೆಟರಿನ ಮೇಲೆ ನಿಧಾನವಾಗಿ ಬರೆದು, ಅಂಟಿಸುವ ಮೊದಲು ಅತ್ತೆಗೆ ಪೂರ್ತಿ ಓದಿ ಹೇಳಬೇಕಿತ್ತು. ತನ್ನದು ಅಂತ ಒಂದು ಸಾಲು ಸೇರಿಸಲು ಅದರಲ್ಲಿ ಜಾಗವೂ ಇಲ್ಲ, ಧೈರ್ಯವೂ ಇಲ್ಲ. ಗಿರಿಜಕ್ಕ ಕೆಟ್ಟವರೇನಲ್ಲ. ಅವರ ಕಾಲದಿಂದ ಹಾಗೆಯೇ ನಡೆದು ಬಂದಿತ್ತು.

ದೀಪಾವಳಿಯ ಹೊತ್ತಿಗೆ ಆ ಕಾಗದವೂ ನಿಂತಿತು. ಪೋಸ್ಟಿನವರು ಬಂದರೆ ಅತ್ತೆ ಎದ್ದು ನಿಲ್ಲುತ್ತಿದ್ದರು, ಸೊಸೆ ಮಾತ್ರ ಕತ್ತರಿ ಆಡಿಸುತ್ತಲೇ ಇರುತ್ತಿದ್ದಳು. ಆ ವಿಷಯ ಯಾರೂ ಎತ್ತುತ್ತಿರಲಿಲ್ಲ.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದು ನೋಡಿ. ಡಿಸೆಂಬರಿನಲ್ಲಿ ಪ್ರಶಾಂತ ಹೆಚ್ಚಿನ ಓದಿಗೆಂದು ಲಂಡನ್ನಿಗೆ ಹೋದ. ಪತ್ರಿಕೆಯಲ್ಲಿ ಅಂಜಲಿ ದಿಂಬಿಗೆ ಮುಖ ಒತ್ತಿ ಅತ್ತಳು, ಅಷ್ಟೇ. ನನಗೆ ಅಷ್ಟು ಸಾಕಾಗಲಿಲ್ಲ. ಆ ಹೊತ್ತಿಗೆ ನನಗೆ ಕೊಬ್ಬು ಏರಿತ್ತು. ನಾನು ಬಾಯಿ ಬಿಟ್ಟರೆ ಮೂರು ಜನ ಉಸಿರು ಹಿಡಿದು ಕೂರುತ್ತಾರೆ ಅನ್ನುವ ಕೊಬ್ಬು. ಮೋತಿ ಅವನ ಕಾರಿನ ಹಿಂದೆ ಓಡಿಹೋಯಿತು, ಎಷ್ಟು ಹುಡುಕಿದರೂ ಸಿಗಲಿಲ್ಲ ಅಂತ ಓದಿಬಿಟ್ಟೆ. ನಾಲ್ಕೈದು ವಾರ ಕಾಯಿಸಿ, ಆಮೇಲೆ ವಾಪಸು ತರೋಣ ಅಂತ ಎಣಿಕೆ.

ಸುಮತಿಯಕ್ಕ ತಲೆಯೆತ್ತಿದಳು. ಆರು ತಿಂಗಳಲ್ಲಿ ಕಥೆಯ ಬಗ್ಗೆ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. "ಅದಕ್ಕೆ ಮನೆಯ ದಾರಿ ಗೊತ್ತಿರ್ತದಲ್ಲ ಶಾರದಾ?"

"ನೋಡಬೇಕು," ಅಂದೆ ದೊಡ್ಡ ಜನರ ಹಾಗೆ.

ಮುಂದಿನ ಎರಡು ವಾರ ಮೋತಿ ಬರಲಿಲ್ಲ. ಮೂರನೆಯ ಗುರುವಾರ ವಾರಿಜ ಕುಣಿಯುತ್ತ ಬಂದು ಹೇಳಿದಳು, ಅವರೆಲ್ಲ ಸೇರಿ ಪತ್ರಿಕೆಗೆ ಕಾರ್ಡು ಬರೆದಿದ್ದಾರಂತೆ. ಬರೆದದ್ದು ಇವಳು, ಹೇಳಿಕೊಟ್ಟದ್ದು ಗಿರಿಜಕ್ಕ. "ಡಾಕ್ಟರನ್ನು ಬೇಕಾದ್ರೆ ಅಲ್ಲೇ ಬಿಡಿ, ಮೋತಿಯನ್ನು ಮನೆಗೆ ತನ್ನಿ ಅಂತ ಬರ್ದಿದ್ದೇವೆ. ನಿನಗೆ ಹೇಳದೇ ಹಾಕಿದ್ದು, ಒಮ್ಮೆಗೇ ಗೊತ್ತಾಗ್ಲಿ ಅಂತ. ಹೇಗೆ ಉಂಟು?"

ಚೆನ್ನಾಗಿದೆ ಅಂದೆ.

ಆವತ್ತೇ ಮೋತಿಯನ್ನು ಮನೆಗೆ ತಂದುಬಿಡಬಹುದಿತ್ತು. ತರಲಿಲ್ಲ. ಕಾರ್ಡು ಹಾಕಿದ ಮೇಲೆ ನಾಯಿ ಬಂದರೆ ಅದು ತಮ್ಮ ಕಾರ್ಡಿನಿಂದ ಬಂತು ಅಂತ ಮತ್ತೆ ಬರೆಯುತ್ತಾರೆ, ಧನ್ಯವಾದ ಅಂತ ಬರೆಯುತ್ತಾರೆ ಅಂತ ಹೆದರಿಕೆ. ನಿಜ ಹೇಳೋಣ ಅಂದರೆ ಬಾಯಿ ಬರಲಿಲ್ಲ. ಆ ಜನವರಿಯಲ್ಲಿ ಒಂದೊಂದು ಗುರುವಾರವೂ ಪತ್ರಿಕೆ ಬಿಡಿಸುವಾಗ ಕಣ್ಣು ಮೊದಲು ಓದುಗರ ಪತ್ರಕ್ಕೆ ಹೋಗುತ್ತಿತ್ತು. ಸಾವಿರ ಕಾರ್ಡು ಬರುತ್ತವೆ, ಇದನ್ನು ಎಲ್ಲಿ ಹಾಕುತ್ತಾರೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹಾಕಿದರು. ಮಳೆಯ ಸುಳಿವಿಲ್ಲದ, ಬೆವರು ಸುರಿಯುವ ಒಂದು ಫೆಬ್ರವರಿ ಮಧ್ಯಾಹ್ನ, ಪುಟದ ಕೆಳಗೆ, ಚಿಕ್ಕ ಅಕ್ಷರದಲ್ಲಿ. ನಾನು ಕಣ್ಣಾಡಿಸಿ, ಪುಟ ಮಡಚಿ, "ನಮ್ಮದು ಬಂದಿಲ್ಲ" ಅಂದೆ. ವಾರಿಜ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಅವಳಿಗೆ ಓದಲು ಕಷ್ಟವೇ ಇರಬಹುದು, ತನ್ನ ಊರಿನ ಹೆಸರು ಯಾರಿಗೆ ಕಾಣುವುದಿಲ್ಲ?

"ಇಲ್ಲಿ ವಾಮಂಜೂರು ಅಂತ ಉಂಟಲ್ಲ!"

ಪತ್ರಿಕೆ ಕಸಿದುಕೊಂಡಳು. ಗಿರಿಜಕ್ಕ ಮೊರ ಕೆಳಗಿಟ್ಟು, ತಮ್ಮ ಹೆಸರು ಬಂದದ್ದನ್ನು ಕೇಳಲು ನೆಟ್ಟಗೆ ಕೂತರು. ವಾರಿಜ ಓದಿದಳು. ಆ ಹುಡುಗಿಯ ಓದು ನಿಮಗೆ ಗೊತ್ತಲ್ಲ, ಒಂದೊಂದೇ ಅಕ್ಷರ. "ವಾಮಂಜೂರಿನ ವಾ-ರಿ-ಜ ಮತ್ತು ಗೆ-ಳ-ತಿ-ಯ-ರಿಗೆ. ಈ ಧಾ-ರಾ-ವಾ-ಹಿ-ಯಲ್ಲಿ ಇದು-ವ-ರೆಗೆ ಯಾವ ನಾ-ಯಿ-ಯೂ... ಬಂದಿಲ್ಲ. ನೀವು ಬೇರೆ ಕಥೆ-ಯೊಂದಿಗೆ ಗೊಂ... ಗೊಂದ... ಗೊಂದಲ ಮಾಡಿ-ಕೊಂಡಿ-ರ-ಬೇಕು."

ಗೊಂದಲ ಅನ್ನುವಲ್ಲಿ ಅವಳು ಎರಡು ಸಲ ನಿಂತಳು. ಈ ಸಲ ನಾನು ಹೇಳಿಕೊಡಲಿಲ್ಲ.

ವಾರಿಜನಿಗೆ ಮೊದಲು ಅರ್ಥವಾಗಲಿಲ್ಲ. "ತಪ್ಪು ಹಾಕಿದ್ದಾರೆ ಇವರು" ಅಂದಳು. ಗಿರಿಜಕ್ಕನಿಗೆ ಅರ್ಥವಾಯಿತು. ಅವರು ಪತ್ರಿಕೆ ನೋಡಲಿಲ್ಲ, ನನ್ನನ್ನು ನೋಡಿದರು.

"ನೀನು ಸೇರಿಸಿದ್ದಾ?"

"ಹೌದು."

"ಶುರುವಿನಿಂದ?"

"ಹೌದು."

"ಹಾಗಾದ್ರೆ ಇಷ್ಟು ದಿನ ನಾವು ಅತ್ತದ್ದು ಎಂತದಕ್ಕೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. "ಊರವರೆಲ್ಲ ಓದುವ ಪೇಪರಿನಲ್ಲಿ ನಮ್ಮ ಹೆಸರು ಬಂತು. ನಗಾಡ್ಲಿಕ್ಕೆ ಬಂತು" ಅಂದು, ಎಲೆಅಡಿಕೆ ಉಗಿಯಲು ಎದ್ದು ಅಂಗಳಕ್ಕೆ ಹೋದರು. ಸುಮತಿಯಕ್ಕ ಮೊರ ಎತ್ತಿಕೊಂಡು ಒಳಗೆ ನಡೆದಳು. ನಾನು ಸ್ವಲ್ಪ ಹೊತ್ತು ಕಾದು, ಯಾರೂ ಬಾರದ್ದು ನೋಡಿ ನನ್ನ ಮನೆಗೆ ಬಂದೆ. ಹತ್ತು ಹೆಜ್ಜೆ ದೂರ, ಅಷ್ಟೇ.

ಮರುದಿನ ಮಧ್ಯಾಹ್ನ ಕರೆಯಲಿಲ್ಲ. ಅದರ ಮರುದಿನವೂ ಇಲ್ಲ. ಬಾವಿಯ ಹತ್ತಿರ ಸಿಕ್ಕರೆ ಗಿರಿಜಕ್ಕ "ಊಟ ಆಯ್ತಾ" ಅಂತ ಕೇಳುತ್ತಿದ್ದರು, ಮರ್ಯಾದೆಗೆ. ಮೊದಲು ಬಂದಾಗ ಅವರ ಮಾತು ತಿಳಿಯುತ್ತಿರಲಿಲ್ಲ, ಹಾಗಾಗಿ ಒಂಟಿ. ಈಗ ಎಂಟು ತಿಂಗಳು ಕೂತು ಕೇಳಿ ತುಳು ಅರ್ಥವಾಗುತ್ತಿತ್ತು. ಗೋಡೆಯ ಮೇಲಿಂದ ಬರುವ ಒಂದೊಂದು ಮಾತೂ ತಿಳಿಯುತ್ತಿತ್ತು, ಅದರಲ್ಲಿ ಒಂದೂ ನನಗಾಗಿ ಇರಲಿಲ್ಲ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಅಣ್ಣನಿಗೆ ಹೇಳಲಿಲ್ಲ. ಅವನು ಕೇಳಲೂ ಇಲ್ಲ. "ಈಗ ಸಾರು ಚೆನ್ನಾಗಿ ಮಾಡ್ತಿ" ಅಂದ ಒಂದು ದಿನ. ಮಾಡಲು ಬೇರೇನೂ ಇರಲಿಲ್ಲವಲ್ಲ, ಸಾರೇ ಚೆನ್ನಾಗಿ ಆಗುತ್ತಿತ್ತು.

ಗುರುವಾರ ಬಂದರೆ ಮತ್ತೆ ವಾರಿಜನ ಓದು ಕೇಳಿಸುತ್ತಿತ್ತು. ಪ್ರಶಾಂತ ಲಂಡನ್ನಿನಲ್ಲಿ ಹಿಮ ನೋಡಿದ. ಅಂಜಲಿ ದಿಂಬು ಒದ್ದೆ ಮಾಡಿದಳು. ಯಾರೂ ಏನೂ ಹೇಳುತ್ತಿರಲಿಲ್ಲ, ಆಸ್ಪತ್ರೆ ಇಲ್ವಾ ಅಂತ ಕೂಡ. ಅರ್ಧಕ್ಕೇ ನಿಲ್ಲಿಸಿ ಬೇರೆ ಮಾತಿಗೆ ಹೋಗುತ್ತಿದ್ದರು. ಒಲೆಯ ಮುಂದೆ ಕೂತ ನನಗೆ ಅದರಲ್ಲಿ ಒಂದು ಸಣ್ಣ ಸಂತೋಷ ಇತ್ತು, ಹೇಳಿಕೊಳ್ಳಲು ನಾಚಿಕೆಯಾದರೂ ಇತ್ತು. ನಾನಿಲ್ಲದೆ ಇವರಿಗೆ ಸಾಗದು, ಇವತ್ತಲ್ಲ ನಾಳೆ ಕರೆಯುತ್ತಾರೆ ಅಂತ.

ಮಾರ್ಚ್ ಕೊನೆಯ ಒಂದು ಗುರುವಾರ ಓದುವ ದನಿ ಬೇರೆಯಾಗಿತ್ತು. ವಾರಿಜ ಪತ್ರಿಕೆ ಕೊಟ್ಟು ಮನೆಗೆ ಹೋಗಿದ್ದಳೋ ಏನೋ ತಿಳಿಯದು. ಓದುತ್ತಿದ್ದವಳು ಸುಮತಿಯಕ್ಕ. ಅವಳ ಓದು ವಾರಿಜನದಕ್ಕಿಂತ ನಿಧಾನ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೋಗುತ್ತಿದ್ದಾಳೆ ಅಂತ ಕೇಳಿಯೇ ಗೊತ್ತಾಗುತ್ತಿತ್ತು. ಪ್ರ-ಶಾಂ-ತನು ಲಂ-ಡನ್ನಿ-ನಿಂದ ಮರಳಿದನು. ಸೂಟ್-ಕೇಸ್ ಹಿಡಿದು ಅಂಜ-ಲಿಯ ಮನೆಯ ಗೇಟಿನ ಮುಂದೆ ನಿಂ-ತನು. ಅಂಜಲಿ ಮೆಟ್ಟಿ-ಲಿಳಿದು ಓಡಿ...

ಅಲ್ಲಿ ನಿಂತಳು. ಅಪ್ಪುಗೆಯ ಜಾಗ ಇರಬೇಕು ಅಂತ ನನಗೆ ಇಲ್ಲಿಂದಲೇ ಗೊತ್ತಾಯಿತು. ನಾನು ಸೌಟು ಕೆಳಗಿಟ್ಟೆ.

ಮತ್ತೆ ಶುರುವಾದ ದನಿಯಲ್ಲಿ ತಡವರಿಕೆ ಇರಲಿಲ್ಲ. ಒಂದಕ್ಷರವೂ ಒಡೆಯಲಿಲ್ಲ. ಕನ್ನಡದ ನಡುನಡುವೆ ತುಳು ಸೇರಿ ನೀರಿನ ಹಾಗೆ ಹರಿಯಿತು. ಪುಟದ ಓದು ಅಲ್ಲಿಗೆ ನಿಂತಿತು, ಇದು ಅವಳದೇ ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

"ಮೋತಿ ಅಂಗಳದಲ್ಲೇ ಮಲಗಿತ್ತು. ಅದು ಯಾವತ್ತೋ ಬಂದಾಗಿತ್ತು, ತನ್ನಷ್ಟಕ್ಕೆ ದಾರಿ ಹುಡುಕಿ ಬಂದಾಗಿತ್ತು. ಯಾರಿಗೂ ಹೇಳ್ಲಿಲ್ಲ ಅಷ್ಟೇ. ಡಾಕ್ಟರ್ ಕರೆದ, ಮೋತಿ ಅಂತ. ಅದು ಎದ್ದಿತು. ಹತ್ತಿರ ಹೋಗಿ ಅವನ ಬೂಟ್ಸು ಮೂಸಿ ನೋಡಿತು. ನೋಡಿ, ವಾಪಸು ಬಂದು, ಆಚೆ ಮುಖ ಮಾಡಿ ಮಲಗಿತು. ಅವನ ಗುರ್ತ ಸಿಗ್ಲಿಲ್ಲ ಅಂತ ಅಲ್ಲ. ಗುರ್ತ ಉಂಟು. ಗುರ್ತ ಇದ್ದೇ ಹೋಗ್ಲಿಲ್ಲ. ಅವನು ಬಿಸ್ಕತ್ತು ಹಾಕಿದ. ಮುಟ್ಟಲಿಲ್ಲ. ಅಷ್ಟು ವರ್ಷ ಅದಕ್ಕೆ ಅನ್ನ ಹಾಕಿದ್ದು ಯಾರು ಅಂತ ಅವನು ಕೇಳ್ಲೇ ಇಲ್ಲ."

ಜಗಲಿಯಲ್ಲಿ ಕತ್ತರಿ ನಿಂತಿತ್ತು. ಈಗ ಗಿರಿಜಕ್ಕ ಕೇಳುತ್ತಾರೆ, ನೀನು ಸೇರಿಸಿದ್ದಾ ಅಂತ, ನನಗೆ ಕೇಳಿದ ಹಾಗೇ ಕೇಳುತ್ತಾರೆ ಅಂತ ನಾನು ಗೋಡೆಗೆ ಕಿವಿ ಕೊಟ್ಟಿದ್ದೆ. ಅವರು ಸಣ್ಣ ದನಿಯಲ್ಲಿ "ಎಡ್ಡೆ ಆಂಡ್" ಅಂದರು. ಒಳ್ಳೆಯದಾಯಿತು ಅಂತ ಅರ್ಥ. ಆಮೇಲೆ, ತುಳುವಿನಲ್ಲೇ, ಸೊಸೆಗೆ ಹೇಳಿದರು: "ನಾಳೆ ಆನಂದನಿಗೆ ಒಂದು ಕಾಗದ ಬರಿ. ನಾನು ಹೇಳುವುದಿಲ್ಲ. ನಿನಗೆ ಎಂತ ಬರೀಬೇಕು ಅಂತ ಉಂಟೋ ಅದನ್ನು ಬರಿ. ನನಗೆ ಓದಿ ಹೇಳುವುದೂ ಬೇಡ, ಅಂಟಿಸಿ ಹಾಕು."

"ಆಯ್ತು ಮಾಮಿ," ಅಂದಳು ಸುಮತಿಯಕ್ಕ. ಅಲ್ಲಿ ಅತ್ತೆಯನ್ನು ಕರೆಯುವುದು ಹಾಗೆ.

ಮತ್ತೆ ಅವಳು ಅಳುವುದು ಕೇಳಿಸಿತು, ಬಾಯಿಗೆ ಸೆರಗು ಒತ್ತಿಕೊಂಡು. ಗಿರಿಜಕ್ಕ ಬೇಡ ಅನ್ನಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಸಂತೋಷ ಆಯಿತು ಅಂತ ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಸಂತೋಷ ಆದದ್ದು ಎಷ್ಟೋ ವರ್ಷಗಳ ಮೇಲೆ. ಆವತ್ತು, ನನ್ನ ನಾಯಿ ನಾನಿಲ್ಲದೆ ಮನೆ ಸೇರಿತು, ನನ್ನಿಂದ ಯಾವತ್ತೂ ಕೊಡಲಾಗದ ಮನಸ್ಸೊಂದನ್ನು ಅವಳು ಅದಕ್ಕೆ ಕೊಟ್ಟಳು, ಇನ್ನು ಇವರಿಗೆ ನನ್ನ ಅಗತ್ಯವಿಲ್ಲ ಅನ್ನುವುದಷ್ಟೇ ಹೊಟ್ಟೆಯಲ್ಲಿ ಉರಿಯಿತು. ಜೊತೆಗೆ ಹೋಗಿ ಅವಳ ಪಕ್ಕ ಕೂರಬೇಕು ಅನ್ನುವ ಆಸೆಯೂ ಅಷ್ಟೇ ಇತ್ತು.

ಮೇ ತಿಂಗಳಲ್ಲಿ ಅಣ್ಣನಿಗೆ ಹುಬ್ಬಳ್ಳಿಯ ಆಫೀಸಿಗೆ ವರ್ಗವಾಯಿತು. ಹೊರಡುವ ದಿನ ಮೂವರೂ ಅಂಗಳಕ್ಕೆ ಬಂದು ನಿಂತಿದ್ದರು. ಗಿರಿಜಕ್ಕ ಹಲಸಿನ ಹಪ್ಪಳದ ಕಟ್ಟು ಕೊಟ್ಟರು, ಸುಮತಿಯಕ್ಕ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಅವರ ಸುದ್ದಿ ನನಗೆ ತಿಳಿಯಲಿಲ್ಲ. ಮಸ್ಕತ್ತಿನಿಂದ ಉತ್ತರ ಬಂತೋ ಇಲ್ಲವೋ, ಅದೂ ಗೊತ್ತಿಲ್ಲ.

ನನ್ನ ನೆನಪು ಮಾತ್ರ ಪ್ರತಿ ಸಲವೂ ಸುಮತಿಯಕ್ಕ ಓದಿದ ಆ ಗುರುವಾರದ ಮಧ್ಯಾಹ್ನಕ್ಕೇ ಹೋಗಿ ನಿಲ್ಲುತ್ತದೆ. ಸಾರು ತಳ ಹಿಡಿದು ಸೀದ ವಾಸನೆ ಬರುತ್ತಿತ್ತು, ಅದು ಆಚೆಗೂ ಹೋಗಿರಬೇಕು. ಗಿರಿಜಕ್ಕ ಗೋಡೆಯ ಕಡೆ ತಿರುಗಿ, "ಶಾರದಾ, ಒಲೆಯ ಮೇಲೆ ಎಂತ ಇಟ್ಟಿದ್ದಿ ಮಗಾ?" ಅಂತ ಕೂಗಿದರು. ಅದು ಕರೆದದ್ದೇ ಎಂದು ಈಗ ಗೊತ್ತಾಗುತ್ತದೆ. ಎದ್ದು ಹತ್ತು ಹೆಜ್ಜೆ ನಡೆದು ಹೋಗಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾನು ಸಾರು ಇಳಿಸಿ, "ಏನಿಲ್ಲ ಗಿರಿಜಕ್ಕಾ" ಅಂದು, ಗೋಡೆಯ ಈ ಬದಿಯಲ್ಲೇ ಕೂತೆ.